ಎರಡು ಹೊಳೆಗಳ ಸೀಮೆ: ಭಟ್ಕಳ, ಹೊನ್ನಾವರ, ಕುಮಟೆ

ಇಟಲಿಯ ಜನ ತಮ್ಮ ಪ್ರಾಂತವನ್ನು ಪರಿಚಯಿಸುವ ಬಗೆಯೊಂದುಂಟು. ಮೊದಲು ಗುಡ್ಡವನ್ನು ತೋರಿಸುತ್ತಾರೆ, ಆಮೇಲೆ ಆ ಗುಡ್ಡದ ದ್ರಾಕ್ಷಿಯಿಂದಾದ ಮದ್ಯವನ್ನು, ಅದರೊಡನೆ ಉಣ್ಣುವ ರೊಟ್ಟಿಯನ್ನು, ಮೀನನ್ನು, ಕಟ್ಟಕಡೆಗೆ ಊರಿನ ಇಗರ್ಜಿಯನ್ನೂ ಹಾಡನ್ನೂ. ನೆಲ, ಊಟ, ಸಂಸ್ಕೃತಿ ಮೂರೂ ಒಂದೇ ಬಳ್ಳಿಯ ಕಾಯಿಗಳೆಂಬುದು ಅವರ ನಂಬಿಕೆ. ಅಲ್ಲಿಯ ವಾಯವ್ಯ ಕರಾವಳಿಯಲ್ಲಿ ಲಿಗೂರಿಯಾ ಎಂಬ ಇಕ್ಕಟ್ಟಾದ ಪ್ರಾಂತವಿದೆ. ಎದುರಿಗೆ ಕಡಲು, ಬೆನ್ನಿಗೆ ಬೆಟ್ಟ, ನಡುವೆ ಅಂಗೈಯಗಲದ ನೆಲ. ಜನ ಬೆಟ್ಟದ ಮೈಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆಯಿಲ್ಲದ ಕಲ್ಲಿನ ಗೋಡೆ ಕಟ್ಟಿ, ದ್ರಾಕ್ಷಿ ಬೆಳೆದರು. ಅಂಥದೇ ಇಕ್ಕಟ್ಟಿನ ಸೀಮೆಯನ್ನು ನೋಡಲು ನೀವು ಹಡಗು ಹತ್ತಬೇಕಾದುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟೆಯವರೆಗೆ ಹೋಗಿ ಬಂದರೆ ಸಾಕು. ಹೆದ್ದಾರಿಯಲ್ಲಿ ಇದು ಸುಮಾರು 60 ಕಿಲೋಮೀಟರಿನ ದಾರಿ.

ಈ ದಾರಿಯನ್ನು ಇಟಲಿಯವರ ಕ್ರಮದಲ್ಲಿಯೇ ನೋಡೋಣ. ಅದಕ್ಕೆ ಕಾರಣವೂ ಉಂಟು. ನಾಲ್ಕೈದು ನೂರು ವರ್ಷಗಳ ಹಿಂದೆ ಇಟಲಿಯ ಇಬ್ಬರು ಪ್ರವಾಸಿಗಳು ಇದೇ ಸೀಮೆಯನ್ನು ಕಂಡು ಬರೆದಿಟ್ಟಿದ್ದಾರೆ. ಒಬ್ಬನು ಬೊಲೋನ್ಯಾ ಪಟ್ಟಣದ ಲುದೋವಿಕೊ ದಿ ವಾರ್ತೇಮಾ; ಇನ್ನೊಬ್ಬನು ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. ಅವರು ಕಂಡದ್ದರಲ್ಲಿ ಯಾವುದು ಉಳಿದಿದೆ, ಯಾವುದು ಹೋಗಿದೆ ಎಂದು ಹೋಲಿಸಿ ನೋಡುವುದೇ ಒಂದು ಪಾಠ.

ಮೊದಲು ನೆಲವನ್ನು ನೋಡಿ. ಸಹ್ಯಾದ್ರಿಯು ಇಲ್ಲಿ ಕಡಲಿಗೆ ಬಹಳ ಹತ್ತಿರ ಬಂದಿದೆ. ಅನೇಕ ಕಡೆ ಗುಡ್ಡದ ಚಾಚು ನೀರಿನವರೆಗೂ ಇಳಿಯುತ್ತದೆ. ಆಷಾಢದ ಮೋಡಗಳು ಈ ಗೋಡೆಗೆ ತಾಗಿ ನಿಲ್ಲುವುದರಿಂದ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಆ ನೀರನ್ನು ಕಡಲಿಗೆ ಹೊತ್ತು ತರುವ ಹೊಳೆಗಳು ಹಲವು. ಭಟ್ಕಳದಲ್ಲಿ ಚಿಕ್ಕದಾದ ಶರಾಬಿ ಹೊಳೆ, ಹೊನ್ನಾವರದಲ್ಲಿ ಶರಾವತಿ, ಕುಮಟೆ ತಾಲೂಕಿನಲ್ಲಿ ಅಘನಾಶಿನಿ. ಕೊನೆಯ ಎರಡೇ ಈ ಸೀಮೆಯ ಭಾಗ್ಯವನ್ನು ಬರೆದವು.

ಮಳೆ ಎಷ್ಟು ದೊಡ್ಡ ಯಜಮಾನನೆಂಬುದನ್ನು ಭಟ್ಕಳದ ಗುಡಿಗಳೇ ಹೇಳುತ್ತವೆ. 16ನೆಯ ಶತಮಾನದ ಖೇತಪಯ್ಯ ನಾರಾಯಣ ದೇವಾಲಯದ ಮುಂದೆ ನಿಂತರೆ ನಿಮ್ಮ ಕಣ್ಣಿಗೆ ಬೇಲೂರು, ಹಂಪೆಗಳ ಶಿಲ್ಪ ಕಾಣುವುದಿಲ್ಲ. ಇಳಿಜಾರಾದ ಕಲ್ಲಿನ ಮಾಡು, ಮರದ ಹಲಗೆ ಜೋಡಿಸಿದಂತೆ ಜೋಡಿಸಿದ ಕಲ್ಲಿನ ಜಾಲರಿ ಕಾಣುತ್ತವೆ. ಬಡಗಿಯು ಮರದಲ್ಲಿ ಮಾಡುತ್ತಿದ್ದುದನ್ನು ಕಲ್ಲುಕುಟಿಗನು ಕಲ್ಲಿನಲ್ಲಿ ಮಾಡಿದ್ದಾನೆ. ಹೊರಗೋಡೆಯ ಮೇಲೆ ರಾಮಾಯಣದ ಚಿತ್ರಗಳುಂಟು. ಇದೇ ಊರಿನ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿಯದೂ ಇಂಥದೇ ಇಳಿಜಾರು ಮಾಡು. ಜೈನನಾಗಲಿ ವೈಷ್ಣವನಾಗಲಿ, ಮಳೆಗೆ ತಲೆಬಾಗಿಯೇ ಕಟ್ಟಬೇಕಾಯಿತು.

ವಾರ್ತೇಮಾ ಭಟ್ಕಳಕ್ಕೆ ಬಂದುದು 16ನೆಯ ಶತಮಾನದ ಮೊದಲ ವರ್ಷಗಳಲ್ಲಿ. ಅವನ ಪ್ರವಾಸಗ್ರಂಥ 1510ರಲ್ಲಿ ರೋಮಿನಲ್ಲಿ ಅಚ್ಚಾಯಿತು. ‘ಬತಕಲ’ವೆಂದು ಅವನು ಕರೆಯುವ ಈ ಊರು ಕೋಟೆಗೋಡೆಯುಳ್ಳ ಚೆಲುವಾದ ಪಟ್ಟಣ; ಕಡಲಿನಿಂದ ಒಂದು ಮೈಲಿ ಒಳಗಿದೆ; ಚಿಕ್ಕ ಹೊಳೆಯೊಂದೇ ಬಂದರಿಗೆ ದಾರಿ; ಅರಸನು ವಿಜಯನಗರಕ್ಕೆ ಅಧೀನ; ಮುಸಲ್ಮಾನ ವರ್ತಕರು ಬಹಳ; ಅಕ್ಕಿ ಹೇರಳ, ಸಕ್ಕರೆ ಅದಕ್ಕಿಂತ ಹೇರಳ. ಹೀಗೆ ಸಾಗುತ್ತದೆ ಅವನ ವರ್ಣನೆ. ಅಕ್ಕಿಯ ಖ್ಯಾತಿ ಎಷ್ಟಿತ್ತೆಂದರೆ 1502ರಲ್ಲಿ ವಾಸ್ಕೋ ಡ ಗಾಮನು ಭಟ್ಕಳದ ಮೇಲೆ ಬಿದ್ದು ಕಪ್ಪವಾಗಿ ಕೇಳಿದ್ದು ಚಿನ್ನವನ್ನಲ್ಲ, ಅಕ್ಕಿಯನ್ನು. ಆ ವರ್ತಕರ ಪರಂಪರೆಯವರೇ ಇಂದಿನ ನವಾಯತರು. ಅವರ ಮಾತು ಕೊಂಕಣಿಯ ಬುಡದ್ದು, ಅರಬ್ಬಿ ಪಾರಸಿ ಪದಗಳು ಬೆರೆತದ್ದು, ಬರೆಯುವುದು ಅರಬ್ಬಿ ಮೂಲದ ಲಿಪಿಯಲ್ಲಿ. ಹಳೆಯ ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ನಡೆದರೆ ಆ ಮಾತು ಇಂದಿಗೂ ನಿಮ್ಮ ಕಿವಿಗೆ ಬೀಳುತ್ತದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ವಾರ್ತೇಮಾ ಭಟ್ಕಳದಲ್ಲಿ ಉಂಡ ಊಟದಲ್ಲಿ ಮೆಣಸಿನಕಾಯಿ ಇರಲಿಲ್ಲ. ಗೇರುಬೀಜ ಇರಲಿಲ್ಲ. ಬಟಾಟೆ, ಟೊಮೆಟೊ, ಅನಾನಸು ಯಾವುದೂ ಇರಲಿಲ್ಲ. ಇವೆಲ್ಲ ಅಮೆರಿಕಾ ಖಂಡದ ಸಸ್ಯಗಳು; ಪೋರ್ತುಗೀಜರ ಹಡಗುಗಳ ಹಿಂದೆ ಬಂದವು. ಆಗ ಖಾರಕ್ಕೆ ಇದ್ದದ್ದು ಕಾಳುಮೆಣಸು, ಶುಂಠಿ. ತಮಾಷೆಯೆಂದರೆ, ಅದೇ ಕಾಲಕ್ಕೆ ವಾರ್ತೇಮಾನ ತಾಯಿಯ ಅಡಿಗೆಮನೆಯಲ್ಲಿಯೂ ಟೊಮೆಟೊ ಇರಲಿಲ್ಲ. ಇಟಲಿಯ ಊಟವೆಂದರೆ ಟೊಮೆಟೊ ಎಂದು ನಾವಿಂದು ತಿಳಿಯುವಂತೆ, ಕರಾವಳಿಯ ಮೀನುಸಾರೆಂದರೆ ಕೆಂಪು ಮೆಣಸು ಎಂದು ತಿಳಿಯುತ್ತೇವೆ. ಎರಡೂ ಸಂಪ್ರದಾಯಗಳು ನಾಲ್ಕೈದು ಶತಮಾನದವು ಮಾತ್ರ. ಹೊಸದನ್ನು ಒಳಗೆ ಬಿಟ್ಟುಕೊಂಡು ತನ್ನದಾಗಿಸುವುದೂ ಸಂಪ್ರದಾಯದ ಒಂದು ಗುಣವೇ.

ಭಟ್ಕಳದಿಂದ ಉತ್ತರಕ್ಕೆ ಹೊರಟರೆ ಮುರ್ಡೇಶ್ವರ ಸಿಗುತ್ತದೆ. ಕಡಲಿಗೆ ಚಾಚಿದ ಗುಡ್ಡದ ಮೇಲಿನ 123 ಅಡಿ ಎತ್ತರದ ಶಿವನ ಮೂರ್ತಿಯನ್ನು ನೀವು ಚಿತ್ರದಲ್ಲಾದರೂ ಕಂಡಿರುತ್ತೀರಿ. ಮುಂದೆ ಹೊನ್ನಾವರ ತಾಲೂಕು, ಇಡಗುಂಜಿಯ ದ್ವಿಭುಜ ಗಣಪತಿ, ಕಾಸರಕೋಡಿನ ಕಡಲತಡಿ, ಬಳಿಕ ಶರಾವತಿಯ ವಿಶಾಲವಾದ ಅಳಿವೆ. ಅಳಿವೆಯನ್ನು ದಾಟುವ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಕೊಂಕಣ ರೈಲುಮಾರ್ಗದಲ್ಲಿ ಅದೇ ಅತ್ಯಂತ ಉದ್ದದ್ದು.

ಹೊನ್ನಾವರವು ಪರದೇಶಿಯರಿಗೆ ಬಹು ಹಿಂದಿನಿಂದ ಪರಿಚಿತ. 14ನೆಯ ಶತಮಾನದ ನಡುಭಾಗದಲ್ಲಿ ಮೊರಾಕ್ಕೊ ದೇಶದ ಇಬ್ನ್ ಬತೂತಾ ಇಲ್ಲಿಗೆ ಬಂದಿದ್ದನು. ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದೂ, ಇಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಬರೆದನು. ವಾರ್ತೇಮಾನು ಇಲ್ಲಿಯ ಗಾಳಿ ಒಳ್ಳೆಯದು, ಜನ ದೀರ್ಘಾಯುಗಳು ಎಂದನು. ಆದರೆ ಈ ಊರಿನ ಹೊಳೆಯನ್ನು ಮನಸಾರೆ ಮೆಚ್ಚಿ ಬರೆದವನು ದೆಲ್ಲಾ ವಾಲ್ಲೆ.

ಅವನ ಕಥೆಯೇ ವಿಚಿತ್ರವಾದದ್ದು. 1586ರಲ್ಲಿ ರೋಮಿನ ಸಿರಿವಂತ ಮನೆಯಲ್ಲಿ ಹುಟ್ಟಿದವನು ಪೂರ್ವದೇಶಗಳಿಗೆ ಹೊರಟು, ಬಾಗ್ದಾದಿನಲ್ಲಿ ಮಾನಿ ಎಂಬ ಹೆಣ್ಣನ್ನು ಮದುವೆಯಾದನು. 1621ರ ಕೊನೆಗೆ ಪಾರಸಿ ದೇಶದಲ್ಲಿ ಆಕೆ ತೀರಿಕೊಂಡಳು. ಹೆಂಡತಿಯ ದೇಹವನ್ನು ಕೆಡದಂತೆ ಕಾಪಿಟ್ಟು, ಭಾರತವನ್ನು ಬಳಸಿ, ರೋಮಿಗೆ ಒಯ್ದು ಮಣ್ಣುಮಾಡಿದ ಮನುಷ್ಯ ಅವನು. 1623ರ ಅಕ್ಟೋಬರಿನಲ್ಲಿ ಗೋವೆಯ ಪೋರ್ತುಗೀಜರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿಯನ್ನು ಕಳುಹಿಸಿದಾಗ ಇವನೂ ಜೊತೆಗೂಡಿದನು. ಹೊನ್ನಾವರದಲ್ಲಿ ಇಳಿದು, ದೋಣಿಯಲ್ಲಿ ಶರಾವತಿಯ ಮೇಲೆ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿದನು. ಎರಡೂ ದಂಡೆಯ ಹಸುರನ್ನು ಕಂಡು, ತಾನು ಮಾಡಿದ ಪ್ರಯಾಣಗಳಲ್ಲಿ ಇದು ಅತ್ಯಂತ ರಮ್ಯವಾದವುಗಳಲ್ಲಿ ಒಂದೆಂದು ನೇಪಲ್ಸಿನ ಗೆಳೆಯನಿಗೆ ಬರೆದನು. ತೈಬರ್ ನದಿಯ ದಂಡೆಯಲ್ಲಿ ಬೆಳೆದವನ ಬಾಯಿಂದ ಬಂದ ಮಾತಿದು.

ಗೇರುಸೊಪ್ಪೆ ಆಗಲೇ ಹಾಳೂರಾಗಿತ್ತು. ಅರ್ಧ ಶತಮಾನಕ್ಕೂ ಮಿಕ್ಕಿ ಅಲ್ಲಿ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ‘ಕಾಳುಮೆಣಸಿನ ರಾಣಿ’ ಎಂದು ಕರೆಯುತ್ತಿದ್ದರು. ಘಟ್ಟದ ಮೆಣಸೆಲ್ಲ ಅವಳ ಸುಂಕದ ಕಟ್ಟೆಗಳನ್ನು ದಾಟಿಯೇ ಕಡಲಿಗಿಳಿಯಬೇಕಿತ್ತು. 17ನೆಯ ಶತಮಾನದ ಆರಂಭದಲ್ಲಿ ಆ ರಾಜ್ಯ ಕೆಳದಿಯ ಅರಸರ ವಶವಾಯಿತು. ಇಂದು ನೀವು ಹೋದರೆ ಕಾಡಿನ ನಡುವೆ ನಾಲ್ಕು ದಿಕ್ಕಿಗೂ ಬಾಗಿಲು ತೆರೆದ ಚತುರ್ಮುಖ ಬಸದಿಯನ್ನು ಕಾಣಬಹುದು. ದೆಲ್ಲಾ ವಾಲ್ಲೆಯು ಆ ಘಟ್ಟದ ದಾರಿಯಲ್ಲಿ ಕಂಡ ಇನ್ನೊಂದು ನೋಟವನ್ನು ಮರೆಯದೆ ಬರೆದಿಟ್ಟನು. ಗುಡಿಯೊಂದರ ಜಗುಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಹಾಡುತ್ತ ಲೆಕ್ಕ ಕಲಿಯುತ್ತಿದ್ದರು. ಉಪಾಧ್ಯಾಯನಿರಲಿಲ್ಲ. “ಮರೆತರೆ ತಿದ್ದುವವರು ಯಾರು?” ಎಂದು ಇವನು ಕೇಳಿದನು. ನಾಲ್ವರೂ ಒಂದೇ ಜಾಗದಲ್ಲಿ ಒಟ್ಟಿಗೆ ಮರೆಯುವುದುಂಟೇ, ಒಬ್ಬನು ತಪ್ಪಿದರೆ ಉಳಿದವರು ತಿದ್ದುತ್ತೇವೆ ಎಂಬ ಅರ್ಥದ ಉತ್ತರ ಬಂತು. ಈ ಉತ್ತರವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಹೊಳೆಗಳ ಮಾತಿಗೆ ಬರೋಣ. ಶರಾವತಿ ಸುಮಾರು 128 ಕಿಲೋಮೀಟರು ಹರಿದು, ಜೋಗದಲ್ಲಿ 253 ಮೀಟರು ಧುಮುಕಿ ಕಡಲಿಗೆ ಬರುತ್ತದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿಯಿತು. 1,035 ಮೆಗಾವಾಟು ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ಬಂತು. ನಾಡಿನ ಎಷ್ಟೋ ಪಟ್ಟಣಗಳ ದೀಪವೂ, ನಿಮ್ಮ ಹಿರಿಯರ ಮನೆಯ ರೇಡಿಯೋವೂ ಈ ಹೊಳೆಯ ಪುಣ್ಯದಿಂದ ಬೆಳಗಿದವು, ನುಡಿದವು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಬೆಲೆಯನ್ನು ತೆತ್ತವರು ಇಬ್ಬರು: ಮೇಲೆ ಮುಳುಗಡೆಯಾದ ಹಳ್ಳಿಗಳ ಜನ, ಕೆಳಗೆ ಅಳಿವೆಯ ಜನ. ಮೊದಲಿನವರ ಕಥೆಯನ್ನು ನೀವು ಕೇಳಿದ್ದೀರಿ. ಎರಡನೆಯದು ಅಷ್ಟಾಗಿ ಕೇಳಿಬಂದಿಲ್ಲ.

ಅಳಿವೆಯೆಂದರೆ ಸಿಹಿನೀರು ಉಪ್ಪುನೀರು ಬೆರೆಯುವ ತಾಣ. ಮಳೆಗಾಲದಲ್ಲಿ ಹೊಳೆಯ ಕೈ ಮೇಲು, ನೀರು ಸಿಹಿ. ಬೇಸಗೆಯಲ್ಲಿ ಹೊಳೆ ಸೊರಗಿ, ಭರತದ ಉಪ್ಪುನೀರು ಒಳಗೆ ದೂರದವರೆಗೆ ಏರುತ್ತದೆ. ಬಳಚು, ಕಲ್ವಗಳಂಥ ಚಿಪ್ಪಿನ ಜೀವಿಗಳೂ, ಮೊಟ್ಟೆಯಿಡಲು ಬರುವ ಎಷ್ಟೋ ಮೀನುಗಳೂ ಈ ಏರಿಳಿತಕ್ಕೆ ಹೊಂದಿ ಬಾಳುತ್ತವೆ. ವಿದ್ಯುದಾಗಾರವು ಬೇಸಗೆಯಲ್ಲಿಯೂ ನೀರು ಬಿಡುತ್ತದೆ. ಆದ್ದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಶರಾವತಿ, ಅಘನಾಶಿನಿ ಎರಡೂ ಅಳಿವೆಗಳನ್ನು ಹೋಲಿಸಿದಾಗ, ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಮೀನಿನ ಜಾತಿಗಳೂ ಬಳಚೂ ಬಹಳ ಹೆಚ್ಚೆಂದು ಕಂಡುಬಂತು. ಪಕ್ಕಪಕ್ಕದ ಎರಡು ಹೊಳೆಗಳು; ಒಂದು ದೀಪ ಕೊಟ್ಟಿತು, ಒಂದು ಊಟ ಉಳಿಸಿತು.

ಅಘನಾಶಿನಿ ಸಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಮಿರ್ಜಾನದ ಚಿರೆಕಲ್ಲಿನ ಕೋಟೆಯ ಬಳಿ ಸಾಗಿ, ತದಡಿಯ ಹತ್ತಿರ ಕಡಲನ್ನು ಸೇರುತ್ತದೆ. ಅದರ ಅಳಿವೆಯ ಸುತ್ತ ಗಜನಿ ಎಂದು ಕರೆಯುವ ತಗ್ಗು ಗದ್ದೆಗಳುಂಟು. ಭರತ ಬಂದರೆ ಮುಳುಗುವ, ಇಳಿದರೆ ತೇಲುವ ನೆಲ. ಈ ನೆಲದಲ್ಲಿ ಬೆಳೆಯುವ ಭತ್ತಕ್ಕೆ ಕಗ್ಗ ಎಂದು ಹೆಸರು. ಮಣ್ಣಿನ ಒಡ್ಡು ಕಟ್ಟಿ, ಅದರಲ್ಲಿ ಹಲಗೆಯ ಬಾಗಿಲಿಟ್ಟು, ಮಳೆಯ ನೀರು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ. ನೆರೆ ಬಂದು ಕೆಲದಿನ ನಿಂತರೂ, ಉಪ್ಪುನೀರು ನುಗ್ಗಿದರೂ ಕಗ್ಗ ತಾಳಿಕೊಳ್ಳುತ್ತದೆ. ಕೊಯ್ಲು ಮುಗಿದ ಬಳಿಕ ಬಾಗಿಲು ತೆಗೆದು ಉಪ್ಪುನೀರನ್ನು ಒಳಗೆ ಬಿಟ್ಟರೆ, ಅದರೊಡನೆ ಶೆಟ್ಲಿಯೂ ಮೀನೂ ಬಂದು ಅದೇ ಗದ್ದೆಯಲ್ಲಿ ಬೆಳೆಯುತ್ತವೆ. ಭತ್ತದ ಕೂಳೆಯೇ ಅವುಗಳಿಗೆ ಆಶ್ರಯ. ಒಂದೇ ನೆಲದಲ್ಲಿ ಅನ್ನವೂ ಮೀನೂ!

ಆದರೆ ಈ ವ್ಯವಸಾಯವನ್ನು ಒಬ್ಬಂಟಿಯಾಗಿ ಮಾಡಲಾಗದು. ಒಡ್ಡು ಎಲ್ಲರದು. ಒಬ್ಬನ ಗದ್ದೆಯ ಪಕ್ಕದಲ್ಲಿ ಅದು ಒಡೆದರೆ ಉಪ್ಪುನೀರು ಇಡೀ ಬಯಲಿಗೆ ನುಗ್ಗುತ್ತದೆ. ಆದ್ದರಿಂದ ಹಿಂದೆ ಊರವರೇ ಕೂಡಿ ಕಾವಲಿದ್ದು, ದುರಸ್ತಿ ಮಾಡುತ್ತಿದ್ದರು. ಸರಕಾರವು ‘ಖಾರಲ್ಯಾಂಡ್ ಬಂಡು’ಗಳನ್ನು ಕಟ್ಟಿಸಿದ ಮೇಲೆ ಆ ಹೊಣೆ ಕೈಬಿಟ್ಟಿತು. ಶೆಟ್ಲಿಯ ಬೆಲೆ ಏರಿದ ವರ್ಷಗಳಲ್ಲಿ ಎಷ್ಟೋ ಗಜನಿಗಳು ಭತ್ತವನ್ನೇ ಬಿಟ್ಟು ಬರೀ ಶೆಟ್ಲಿ ಕೆರೆಗಳಾದವು. ಮಾಣಿಕಟ್ಟೆಯಂಥ ಕೆಲವು ಊರುಗಳ ರೈತರು ಕಗ್ಗವನ್ನು ಹಿಡಿದು ಉಳಿಸಿಕೊಂಡಿದ್ದಾರೆ. ಕಡಲ ಮಟ್ಟ ಏರುತ್ತಿರುವ ಈ ಕಾಲದಲ್ಲಿ ಉಪ್ಪು ತಾಳುವ ಭತ್ತದ ಬೀಜಕ್ಕೆ ಎಷ್ಟು ಬೆಲೆಯೆಂಬುದನ್ನು ನೀವೇ ಊಹಿಸಿ.

ಲಿಗೂರಿಯಾದಲ್ಲಿಯೂ ಇದೇ ನಡೆಯಿತು. ಅಲ್ಲಿಯ ಚಿಂಕ್ವೆ ತೆರ್ರೆ ಎಂಬ ಐದು ಊರುಗಳ ಕಲ್ಲುಗೋಡೆಯ ದ್ರಾಕ್ಷಿತೋಟಗಳನ್ನು 1997ರಲ್ಲಿ ಯುನೆಸ್ಕೋ ಸಂಸ್ಥೆ ವಿಶ್ವಪರಂಪರೆಯೆಂದು ಸಾರಿತು. ಆದರೆ ಮಕ್ಕಳು ಪಟ್ಟಣ ಸೇರಿ ತೋಟಗಳು ಪಾಳುಬಿದ್ದಾಗ ಗೋಡೆಗಳನ್ನು ನೋಡಿಕೊಳ್ಳುವವರಿಲ್ಲವಾದರು. 2011ರ ಅಕ್ಟೋಬರಿನಲ್ಲಿ ಬಿದ್ದ ಜಡಿಮಳೆಗೆ ಗುಡ್ಡ ಜಾರಿ, ಆ ಐದರಲ್ಲಿ ಎರಡು ಊರುಗಳು ಕೆಸರಿನಲ್ಲಿ ಹೂತುಹೋದವು. ಗೋಡೆಯಾಗಲಿ ಒಡ್ಡಾಗಲಿ, ಅದು ಕಲ್ಲುಮಣ್ಣಿನಿಂದಷ್ಟೇ ನಿಲ್ಲುವುದಿಲ್ಲ. ಅದನ್ನು ತಿರುಗಿ ತಿರುಗಿ ಕಟ್ಟುವ ಕೈಗಳಿಂದ ನಿಲ್ಲುತ್ತದೆ.

ಇದೇ ಅಳಿವೆಯ ಅಂಚಿನಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳುಂಟು. ಭರತದ ನೀರನ್ನು ದೊಡ್ಡ ಕಟ್ಟೆಗೆ ತುಂಬಿ, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಗಟ್ಟಿಯಾಗಿಸಿ, ಕೊನೆಯ ಪಾತಿಯಲ್ಲಿ ಹರಳು ಕಟ್ಟಿದ ಉಪ್ಪನ್ನು ಎಳೆದು ರಾಶಿ ಮಾಡುತ್ತಾರೆ. ಮಣ್ಣಿನ ಬಣ್ಣ ಹಿಡಿದು ನಸುಗೆಂಪಾದ ಈ ಉಪ್ಪಿಲ್ಲದೆ ಈ ಸೀಮೆಯಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಹಾಕುವ ಹಿರಿಯರು ಒಪ್ಪುವುದಿಲ್ಲ. ಮಾರ್ಚಿನಿಂದ ಮೇವರೆಗೆ ಕುಮಟೆಯ ಹೆದ್ದಾರಿಯ ಬದಿಯಲ್ಲಿ ಇನ್ನೊಂದು ಸಂಪತ್ತು ತೂಗಾಡುತ್ತಿರುತ್ತದೆ. ಅದು ಕುಮಟೆಯ ಸಿಹಿ ಈರುಳ್ಳಿ. ಭತ್ತ ಕೊಯ್ದ ಮರಳುಮಿಶ್ರಿತ ಗದ್ದೆಯಲ್ಲಿ ಬೆಳೆದು, ದಂಟುಸಹಿತ ಜಡೆಯಂತೆ ಹೆಣೆದು ಮಾರುತ್ತಾರೆ. ಹಸಿಯಾಗಿ ಕಚ್ಚಿದರೂ ಕಣ್ಣಲ್ಲಿ ನೀರು ಬರಿಸದ ಈರುಳ್ಳಿ ಇದು.

ಕುಮಟೆಯ ಹೆಸರು ಒಂದು ಕಾಲಕ್ಕೆ ಇಂಗ್ಲಂಡಿನ ಲಿವರ್‌ಪೂಲಿನಲ್ಲಿ ಕೇಳಿಬರುತ್ತಿತ್ತೆಂದರೆ ನಿಮಗೆ ಸೋಜಿಗವಾದೀತು. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟವಿಳಿದು ಇಲ್ಲಿಂದ ಹಡಗೇರುತ್ತಿತ್ತು. ಆ ಹತ್ತಿಗೇ ‘ಕುಮಟಾ ಹತ್ತಿ’ ಎಂದು ಹೆಸರಾಯಿತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, ಅಂದರೆ 1861ರಿಂದ 1865ರವರೆಗೆ, ಅಲ್ಲಿಯ ಹತ್ತಿ ನಿಂತುಹೋದಾಗ ಈ ಬಂದರಿಗೆ ಸುಗ್ಗಿ. 1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಮರ್ಮಗೋವೆಗೆ ರೈಲು ಹೋದದ್ದೇ ತಡ, ಹತ್ತಿ ಆ ದಾರಿ ಹಿಡಿಯಿತು. ಬಂದರಿಗೆ ಬಂದದ್ದೂ ದಾರಿಯಿಂದ, ಹೋದದ್ದೂ ದಾರಿಯಿಂದ. 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಈ ಮೂರೂ ಊರುಗಳಿಗೆ ಮತ್ತೆ ಹೊರಗಿನ ಜನ ಬರತೊಡಗಿದರು.

ಇನ್ನು ಊಟಕ್ಕೆ ಕುಳಿತುಕೊಳ್ಳೋಣ. ಈ ಸೀಮೆಯಲ್ಲಿ ಒಂದೇ ಅಡಿಗೆಯೆಂಬುದಿಲ್ಲ; ಮನೆಗೊಂದು ಪಾಕ. ಭಟ್ಕಳದ ನವಾಯತರ ಬಿರಿಯಾನಿಯಲ್ಲಿ ಅನ್ನ ಬೇರೆ, ಈರುಳ್ಳಿ ಹೇರಳವಾಗಿ ಹುರಿದ ಮಾಂಸದ ಮಸಾಲೆ ಬೇರೆ. ಕೊನೆಗೆ ಪದರ ಪದರವಾಗಿ ಕೂಡಿಸುತ್ತಾರೆ. ಅಕ್ಕಿಯ ಬದಲು ಶಾವಿಗೆಯಲ್ಲಿ ಮಾಡುವ ‘ಶಯ್ಯಾ ಬಿರಿಯಾನಿ’ಯೂ ಅವರದು. ಹವ್ಯಕರ ಎಲೆಯಲ್ಲಿ ತಂಬುಳಿ, ಪತ್ರೊಡೆ, ಹಲಸಿನ ಹಪ್ಪಳ, ಆಲೆಮನೆಯ ಜೋನಿ ಬೆಲ್ಲ. ಕಡಲಿಗೆ ಹೋಗುವ ಖಾರ್ವಿ, ಹರಿಕಂತ, ಮೊಗೇರ, ಅಂಬಿಗರ ಮನೆಗಳಲ್ಲಿ ಕುಚಲಕ್ಕಿಯ ಅನ್ನಕ್ಕೆ ಬಂಗಡೆಯ ಸಾರು. ಅದಕ್ಕೆ ಜುಮ್ಮನಕಾಯಿ ಜಜ್ಜಿ ಹಾಕಿದರೆ ನಾಲಿಗೆ ಸಣ್ಣಗೆ ಜುಮ್ಮೆನ್ನುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಆಗ ಬೇಸಗೆಯಲ್ಲಿ ಒಣಗಿಸಿಟ್ಟ ಮೀನೇ ಗತಿ. ಇಳಿತದ ಹೊತ್ತಿಗೆ ಹೆಂಗಸರು ಸೊಂಟದ ನೀರಿನಲ್ಲಿ ನಿಂತು ಆಯ್ದು ತಂದ ಬಳಚನ್ನು ತೆಂಗಿನಕಾಯಿಯೊಡನೆ ಬೇಯಿಸಿದ ಪದಾರ್ಥ ಬಡವರ ಮನೆಯಲ್ಲಿಯೂ ಹಬ್ಬ ಮಾಡುತ್ತದೆ. ಈ ಬಳಚಿಗೆ ಬಿತ್ತುವವರಿಲ್ಲ, ನೀರುಣಿಸುವವರಿಲ್ಲ. ಅಳಿವೆ ಕೆಡದೆ ಇದ್ದರೆ ಸಾಕು.

ದ್ರಾಕ್ಷಾರಸದ ಮಾತೇನೆಂದು ನೀವು ಕೇಳಬಹುದು. ದ್ರಾಕ್ಷಿ ಒಣಹವೆಯ ಬಳ್ಳಿ. ಇಲ್ಲಿಯ ಮಳೆಯಲ್ಲಿ ಅದು ಕೊಳೆತುಹೋಗುತ್ತದೆ. ಪ್ರಕೃತಿ ಅದರ ಬದಲಿಗೆ ತೆಂಗನ್ನೂ ಈಚಲು, ಬಗನಿಗಳನ್ನೂ ಕೊಟ್ಟಿತು. ಮರ ಹತ್ತಿ ಕಳ್ಳಿಳಿಸುವುದು ನಾಮಧಾರಿಗಳ ಹಿರಿಯರ ಕುಶಲವೃತ್ತಿಯಾಗಿತ್ತು. ಆದರೆ ಮನೆಮನೆಯ ಪಾನೀಯ ಬೇರೆಯೇ ಇದೆ. ಬೇಸಗೆಯಲ್ಲಿ ಕೆಂಪಗೆ ಹಣ್ಣಾಗುವ ಮುರುಗಲಿನ ಸಿಪ್ಪೆಯನ್ನು ಒಣಗಿಸಿಟ್ಟು, ನೀರಿನಲ್ಲಿ ನೆನೆಸಿ, ಬೆಲ್ಲ ಹಾಕಿದರೆ ಪಾನಕ; ತೆಂಗಿನ ಹಾಲು ಬೆರೆಸಿದರೆ ಕೊಂಕಣಿಗರ ಸೋಲ್‌ಕಢಿ. ದ್ರಾಕ್ಷಾರಸವನ್ನು ನಾಚಿಸುವ ಬಣ್ಣ, ಅಮಲು ಮಾತ್ರ ಇಲ್ಲ. ಬೀಜದ ತುಪ್ಪ ಒಡೆದ ಹಿಮ್ಮಡಿಗೆ ಔಷಧ. ಅದಕ್ಕಿಂತಲೂ ದೊಡ್ಡದು ಅಪ್ಪೆಹುಳಿ. ಹೊಳೆದಂಡೆಯ ಅಪ್ಪೆಮಾವಿನ ಕಾಯನ್ನು ಬೇಯಿಸಿ, ಕಿವುಚಿ, ನೀರು, ಉಪ್ಪು, ಹಸಿಮೆಣಸು ಬೆರೆಸಿ, ಇಂಗಿನ ಒಗ್ಗರಣೆ ಕೊಟ್ಟು ಊಟದ ಕೊನೆಗೆ ಕುಡಿಯುತ್ತಾರೆ. ಕುಡಿದವರು ಮಧ್ಯಾಹ್ನ ಒಂದು ನಿದ್ರೆ ತೆಗೆಯದೆ ಏಳುವುದಿಲ್ಲ. ಇಟಲಿಯವರು ಯಾವ ಗುಡ್ಡದ ದ್ರಾಕ್ಷಿಯೆಂದು ಕೇಳುವಂತೆ, ಇಲ್ಲಿಯವರು ಯಾವ ಹೊಳೆಯ, ಯಾವ ಮರದ ಅಪ್ಪೆಯೆಂದು ಕೇಳುತ್ತಾರೆ. ಒಂದೊಂದು ಮರದ ಪರಿಮಳ ಒಂದೊಂದು ಬಗೆ. ಆದರೆ ಕಾಯಿಗಾಗಿ ಕೊಂಬೆಯನ್ನೇ ಕಡಿದಿಳಿಸುವ ಆತುರ ಹೆಚ್ಚಿದ ಕಡೆಗಳಲ್ಲಿ ಮರಗಳು ಸಾಯುತ್ತಿವೆ.

ಉಂಡ ಮೇಲೆ ಆಟ ನೋಡಬೇಡವೇ? ಬಡಗುತಿಟ್ಟಿನ ಯಕ್ಷಗಾನಕ್ಕೆ ಹೊನ್ನಾವರ ತಾಲೂಕು ತವರುಮನೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಅವರ ಮಗ ಶಂಭು ಹೆಗಡೆಯವರು (1938–2009) ಗುಣವಂತೆಯಲ್ಲಿ ಕಲಿಕೆಯ ಕೇಂದ್ರವನ್ನು ಕಟ್ಟಿದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ (1933–2017) 2012ರಲ್ಲಿ ಪದ್ಮಶ್ರೀ ಬಂತು. ಕರ್ಕಿಯ ಹಾಸ್ಯಗಾರ ಮನೆತನದ ಸೇವೆಯೂ ಚಿಕ್ಕದಲ್ಲ. ಆಟಗಳು ನಡೆಯುವುದು ಮಳೆ ಮುಗಿದು ಗದ್ದೆ ಒಣಗಿದ ಮೇಲೆ. ಕೊಯ್ದ ಗದ್ದೆಯೇ ರಂಗಸ್ಥಳ. ಅಂದರೆ ಕಲೆಯೂ ಬೇಸಾಯದ ಪಂಚಾಂಗವನ್ನೇ ಅನುಸರಿಸಿತು. ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವೂ ಹಾಗೆಯೇ. ಹೋಳಿಯ ದಿನಗಳಲ್ಲಿ ಬಣ್ಣದ ತುರಾಯಿ ಕಟ್ಟಿ ಮನೆಮನೆಗೆ ಬರುತ್ತಾರೆ. ಸಾಹಿತ್ಯದಲ್ಲಿ ಕುಮಟೆ ತಾಲೂಕಿನ ಪಾಲು ಅದರ ಗಾತ್ರಕ್ಕೆ ಮೀರಿದ್ದು. ಗೋಕರ್ಣದ ಗೌರೀಶ ಕಾಯ್ಕಿಣಿ, ಹನೇಹಳ್ಳಿಯ ಗಂಗಾಧರ ಚಿತ್ತಾಲ ಮತ್ತು ಯಶವಂತ ಚಿತ್ತಾಲ ಸೋದರರು ಇದೇ ಮಣ್ಣಿನವರು. ಮುಂಬಯಿಯಲ್ಲಿ ಬಾಳಿದ ಯಶವಂತ ಚಿತ್ತಾಲರು ತಮ್ಮ ಕಥೆಗಳಲ್ಲಿ ಮತ್ತೆ ಮತ್ತೆ ಮರಳಿದ್ದು ಹನೇಹಳ್ಳಿಗೆ.

ನೀವು ಹೊರಡುವುದಾದರೆ ಋತುವನ್ನು ಆರಿಸಿಕೊಳ್ಳಿ. ಹೊಳೆಯ ವೈಭವ ಬೇಕಾದರೆ ಸೆಪ್ಟೆಂಬರು, ಅಕ್ಟೋಬರು. ಕಗ್ಗದ ತೆನೆಯೂ ಆಗಲೇ. ಆಟ ಬೇಕಾದರೆ ದೀಪಾವಳಿಯ ನಂತರ. ಉಪ್ಪಿನ ಆಗರ, ಈರುಳ್ಳಿ, ಮುರುಗಲು, ಅಪ್ಪೆ ಬೇಕಾದರೆ ಮಾರ್ಚಿನಿಂದ ಮೇ. ಮೂರು ದಿನವಾದರೂ ಇರಲಿ: ಭಟ್ಕಳದ ಗುಡಿ, ಪೇಟೆಗಳಿಗೆ ಒಂದು, ಹೊನ್ನಾವರದಿಂದ ಗೇರುಸೊಪ್ಪೆಗೆ ಒಂದು, ಮಿರ್ಜಾನ, ಯಾಣ, ಅಘನಾಶಿನಿಯ ಅಳಿವೆಗೆ ಒಂದು. ಮಳೆಗಾಲದಲ್ಲಿ ಗುಡ್ಡ ಕುಸಿಯುವುದುಂಟು. 2024ರ ಜುಲೈಯಲ್ಲಿ ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದು ಪ್ರಾಣಹಾನಿಯಾಯಿತು. ಆದ್ದರಿಂದ ಜಡಿಮಳೆಯ ದಿನಗಳಲ್ಲಿ ಪ್ರಯಾಣ ಬೇಡ.

ಅಘನಾಶಿನಿಯ ಅಳಿವೆಯನ್ನು 2024ರಲ್ಲಿ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿಸಿದರು. ಜಗತ್ತಿನ ಮಹತ್ತ್ವದ ಜೌಗುನೆಲಗಳಲ್ಲಿ ಇದೂ ಒಂದೆಂದು ಒಪ್ಪಿದಂತಾಯಿತು. ಸಂತೋಷದ ಮಾತು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಒಡ್ಡು ನಿಲ್ಲುವುದಿಲ್ಲ, ಬೀಜ ಮೊಳೆಯುವುದಿಲ್ಲವೆಂಬುದನ್ನು ಲಿಗೂರಿಯಾ ತೋರಿಸಿಕೊಟ್ಟಿದೆ. ಕಗ್ಗವನ್ನು ಯಾವಾಗ ಎರಚಬೇಕು, ಹಲಗೆಯ ಬಾಗಿಲನ್ನು ಯಾವ ಭರತಕ್ಕೆ ತೆಗೆಯಬೇಕು, ಬಳಚನ್ನು ಎಷ್ಟು ಆಯ್ದು ಎಷ್ಟು ಬಿಡಬೇಕು, ಅಪ್ಪೆಯ ಕೊಂಬೆ ಕಡಿಯದೆ ಕಾಯಿ ಹೇಗಿಳಿಸಬೇಕು, ಇವು ಪುಸ್ತಕದಲ್ಲಿಲ್ಲ, ಜನರಲ್ಲಿ ಹಂಚಿಹೋಗಿವೆ. ಮರಳಿನ ಮೇಲೆ ಲೆಕ್ಕ ಕಲಿಯುತ್ತಿದ್ದ ಆ ನಾಲ್ವರು ಹುಡುಗರ ಧೈರ್ಯವೆಲ್ಲ ಒಂದೇ ಮಾತಿನಲ್ಲಿತ್ತು: ಎಲ್ಲರೂ ಒಟ್ಟಿಗೆ ಮರೆಯಲಾರರು. ಆದರೆ ಜಗುಲಿಯಿಂದ ಒಬ್ಬೊಬ್ಬನೇ ಎದ್ದು ಹೋದರೆ? ಕೊನೆಯವನು ತಪ್ಪಿದಾಗ ತಿದ್ದಲು ಯಾರೂ ಉಳಿಯುವುದಿಲ್ಲ. ನೀವು ಆ ದಾರಿಯಲ್ಲಿ ಹೋದಾಗ ಒಂದು ಜಡೆ ಈರುಳ್ಳಿಯನ್ನು ಬೆಳೆದವರ ಕೈಯಿಂದಲೇ ಕೊಳ್ಳಿ, ಒಂದು ಸೇರು ಕಗ್ಗದ ಅಕ್ಕಿ ಸಿಕ್ಕರೆ ಕೇಳಿ ತನ್ನಿ. ಅದನ್ನು ಹೇಗೆ ಬೆಳೆದಿರಿ ಎಂದೂ ಕೇಳಿ. ಕೇಳುವವರಿದ್ದರೆ ಹೇಳುವವರು ಇರುತ್ತಾರೆ.